ಬೇಡವೆಂದು ತೆಗೆದ ಮಾತು

ಮಣಿಪಾಲದ ಲ್ಯಾಬಿನಲ್ಲಿ ಕೆಲಸ ಸಿಕ್ಕಿದಾಗ ಸೌಮ್ಯಶ್ರೀಗೆ ಕೊರಗ ಭಾಷೆಯ ನಲವತ್ತು ಪದಗಳೂ ಸರಿಯಾಗಿ ಗೊತ್ತಿರಲಿಲ್ಲ. ಅರ್ಜಿಯಲ್ಲಿ ಮಾತೃಭಾಷೆ ಎಂದಿದ್ದ ಕಡೆ ಅದನ್ನು ಬರೆದಿದ್ದಳು, ಅಷ್ಟೆ. ಮನೆಯಲ್ಲಿ ಎಲ್ಲರೂ ಆಡುತ್ತಿದ್ದುದು ತುಳು. ಶಾಲೆಯಲ್ಲಿ, ಹಾಸ್ಟೆಲಿನಲ್ಲಿ, ಉಡುಪಿಯ ಕಾಲೇಜಿನಲ್ಲಿ ಕನ್ನಡ. ಅಜ್ಜಿ ಅಕ್ಕು ಮಾತ್ರ ಹಿತ್ತಿಲಲ್ಲಿ ಕುಳಿತು ಬಳ್ಳಿ ಸೀಳಿ ಬುಟ್ಟಿ ಹೆಣೆಯುವಾಗ ತನ್ನಷ್ಟಕ್ಕೆ ಬೇರೆ ಏನನ್ನೋ ಮಾತಾಡಿಕೊಳ್ಳುತ್ತಿದ್ದಳು. ಯಾರಾದರೂ ಹತ್ತಿರ ಹೋದರೆ ಬಾಯಿ ಮುಚ್ಚುತ್ತಿದ್ದಳು. ಸೌಮ್ಯಳ ತಾಯಿ ಬೇಬಿ, ಆ ಅಕ್ಕುವಿನ ಒಬ್ಬಳೇ ಮಗಳು, ಕಾರ್ಕಳದ ಗೇರುಬೀಜದ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷದಿಂದ ದುಡಿಯುತ್ತಿರುವವಳು. ಅವಳಿಗೂ ಆ ಭಾಷೆ ಬಾರದು. "ನಮಗೆ ಕಲಿಸಲೇ ಇಲ್ಲ ಮಾರಾಯ್ತಿ. ಕೇಳಿದರೆ ಬೈಯುತ್ತಿದ್ದಳು," ಎಂದಷ್ಟೇ ಹೇಳುತ್ತಿದ್ದಳು.

ಲ್ಯಾಬಿನ ಕೆಲಸ ಏನೆಂಬುದನ್ನು ಮೊದಲ ದಿನ ಕಾರ್ಲ್ ಮಥಾಯಸ್ ವಿವರಿಸಿದ. ಅವನು ಶಿರ್ವದವನು, ಮನೆಯಲ್ಲಿ ಕೊಂಕಣಿ ಆಡುವ ಇಂಜಿನಿಯರ್, ಸ್ವಭಾವದಲ್ಲಿ ಸಾಧು.

"ನೋಡಿ ಸೌಮ್ಯ, ಯಂತ್ರಕ್ಕೆ ಕಿವಿ ಉಂಟು, ತಿಳುವಳಿಕೆ ಇಲ್ಲ. ನಾವು ಮಾತನ್ನು ಕೇಳಿಸಬೇಕು, ಜೊತೆಗೆ ಆ ಮಾತಿನ ಬರಹವನ್ನೂ ಕೊಡಬೇಕು. ಸಾವಿರ ಸಲ ಕೊಟ್ಟ ಮೇಲೆ ಅದು ತಾನಾಗಿ ಕೇಳಿ ಬರೀಲಿಕ್ಕೆ ಕಲಿಯುತ್ತದೆ. ಈ ಭಾಷೆ ಆಡುವವರು ಕಡಿಮೆಯಾಗ್ತಾ ಇದ್ದಾರೆ. ಅವರು ಇರುವಾಗಲೇ ಕೇಳಿಸಿಬಿಡಬೇಕು."

ಅಕ್ಕು ಮೂರು ವಾರ ಒಪ್ಪಲಿಲ್ಲ. ನಾಲ್ಕನೆಯ ವಾರ, ಸೌಮ್ಯ ಕೇಳುವುದನ್ನೇ ಬಿಟ್ಟಿದ್ದಾಗ, ತಾನಾಗಿ ಕರೆದಳು.

"ಆ ಡಬ್ಬ ತಾ. ನೀನು ಇಲ್ಲಿ ಕೂರಬೇಡ. ಇಟ್ಟು ಹೋಗು."

ಹಾಗೆ ರೆಕಾರ್ಡಿಂಗ್ ಶುರುವಾಯಿತು. ಬೆಳಿಗ್ಗೆ ಬೈಲೂರಿನ ದಾರಿಯಾಗಿ ಬರುವ ಮಣಿಪಾಲದ ಬಸ್ಸು ಹಿಡಿಯುವ ಮೊದಲು ಸೌಮ್ಯ ರೆಕಾರ್ಡರನ್ನು ಹಿತ್ತಿಲ ಕಲ್ಲಿನ ಮೇಲಿಟ್ಟು, "ಕೆಂಪು ದೀಪ ಉರೀತಾ ಉಂಟಲ್ವಾ, ಅದು ಇರಲಿ ಅಜ್ಜಿ, ಆಯ್ತಾ?" ಎಂದು ಹೇಳಿ ಹೊರಡುತ್ತಿದ್ದಳು. ಮರುದಿನ ಮಣಿಪಾಲದಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಕುಳಿತರೆ ಅಜ್ಜಿಯ ಸ್ವರ, ಬಳ್ಳಿ ಸೀಳುವ ಚರ್ರೆಂಬ ಸದ್ದು, ಮಧ್ಯೆ ಕೋಳಿ. ಕೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆಯುವುದು, ಭಾನುವಾರ ಅಜ್ಜಿಯ ಎದುರು ಕೂತು ಒಂದೊಂದು ಮಾತಿನ ಅರ್ಥವನ್ನು ತುಳುವಿನಲ್ಲಿ ಕೇಳಿ ತಿಳಿಯುವುದು. ಬಳ್ಳಿಯನ್ನು ಯಾವ ದಿನ ಕೊಯ್ಯಬೇಕು, ಯಾವುದು ಬೇಗ ಹುಳ ಹಿಡಿಯುತ್ತದೆ, ಡೋಲಿನ ಚರ್ಮವನ್ನು ಬಿಸಿಲಿಗೆ ಹೇಗೆ ಹಿಡಿಯಬೇಕು, ಹಿಂದೆ ದೊಡ್ಡವರ ಮನೆಯ ಅಂಗಳದಲ್ಲಿ ಎಷ್ಟು ದೂರ ನಿಲ್ಲಬೇಕಿತ್ತು. ಎಲ್ಲವನ್ನೂ ಅಜ್ಜಿ ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ಅದೂ ಒಳ್ಳೆಯದೇ ಆಯಿತು ಎಂದ ಕಾರ್ಲ್. ಯಂತ್ರಕ್ಕೆ ಅಂಥ ಮಾತು ಬೇಗ ಹತ್ತುತ್ತದಂತೆ.

ಒಂದು ಪದ ಮಾತ್ರ ವಾಕ್ಯಕ್ಕೊಮ್ಮೆ ಬರುತ್ತಿತ್ತು. ಕೊನೆಯಲ್ಲಿ, ಕೆಲವು ಸಲ ಮೊದಲಿಗೇ. ಆಯ್ತಾ. ಹಲ್ಲಿಲ್ಲದ ಬಾಯಿಯಲ್ಲಿ ಅದು ಸ್ವಲ್ಪ ಒತ್ತಿ, ಎಳೆದು ಬರುತ್ತಿತ್ತು. ಬಳ್ಳಿಯನ್ನು ಹೀಗೆ ಹಿಡೀಬೇಕು, ಆಯ್ತಾ. ಬೆರಳು ಜೋಪಾನ, ಆಯ್ತಾ. ಅಜ್ಜಿಯ ಬಳಿ ಇದರ ಅರ್ಥ ಕೇಳುವುದಿದೆ ಎಂದು ಸೌಮ್ಯಳಿಗೆ ಅನ್ನಿಸಲೇ ಇಲ್ಲ. ಈ ಕಡೆ ಆಯ್ತಾ ಎನ್ನದೆ ಎರಡು ಮಾತಾಡುವವರು ಯಾರಿದ್ದಾರೆ? ಅವಳೇ ದಿನಕ್ಕೆ ನೂರು ಸಲ ಅನ್ನುತ್ತಾಳೆ.

"ಕನ್ನಡದ್ದು ನುಸುಳಿದ್ದು," ಎಂದ ಕಾರ್ಲ್. "ನಮ್ಮ ಮಮ್ಮಿಯೂ ಕೊಂಕಣಿ ನಡುವೆ ಹಾಗೇ ಹೇಳ್ತಾರೆ. ಇಂಥ ಸುಮ್ಮನೆ ಬರುವ ಮಾತನ್ನು ಯಂತ್ರ ಬರೆಯುವುದು ಬೇಡ. ಗುರುತು ಹಾಕಿ ಕೊಡಿ, ತಾನಾಗಿ ಬಿಟ್ಟುಬಿಡುವ ಹಾಗೆ ಮಾಡುವ."

ಸೌಮ್ಯ ಪಟ್ಟಿ ಮಾಡಿದಳು. ಅ, ಹ್ಞಾಂ, ಕೆಮ್ಮು, ಆಯ್ತಾ. ಎದುರಿನ ಕಾಲಮ್ಮಿನಲ್ಲಿ "ಬೇಡ" ಎಂದು ಬರೆದಳು.

ಒಂಬತ್ತು ತಿಂಗಳಲ್ಲಿ ಮೂವತ್ತು ಗಂಟೆಗಳ ಮಾತು ಸೇರಿತು. ಕೊನೆಕೊನೆಗೆ ಯಂತ್ರವೇ ಮೊದಲ ಕರಡನ್ನು ಬರೆದು ಕೊಡುತ್ತಿತ್ತು. ತಪ್ಪು ತಿದ್ದಿದರೆ ಮುಗಿಯಿತು. ಪರದೆಯ ಮೇಲೆ ಅಜ್ಜಿಯ ಮಾತು ಸಾಲಾಗಿ ಮೂಡುವಾಗ ಸೌಮ್ಯಳಿಗೆ ರೋಮಾಂಚನವಾಗುತ್ತಿತ್ತು. ಬೇರೆಯವರ ಸ್ವರ ಕೇಳಿಸಿದರೆ ಯಂತ್ರ ತಡವರಿಸುತ್ತಿತ್ತು. ಇನ್ನೂ ಹತ್ತು ಜನ ಬೇಕು ಎಂದು ಕಾರ್ಲ್ ಹೇಳುತ್ತಿದ್ದ.

"ಕಾಪುವಿನಲ್ಲಿ ಬೂಬಜ್ಜ ಇದ್ದಾರಲ್ಲ, ನಿನ್ನ ತಮ್ಮ. ಅವರಿಗೆ ಬರ್ತದಾ?" ಎಂದು ಒಂದು ಭಾನುವಾರ ಅವಳು ಅಜ್ಜಿಯನ್ನು ಕೇಳಿದಳು.

ಅಕ್ಕು ಕೈಯಲ್ಲಿದ್ದ ಬುಟ್ಟಿಯನ್ನು ಕೆಳಗಿಟ್ಟಳು. "ಅವನ ಹೆಸರು ಇಲ್ಲಿ ಬೇಡ," ಎಂದು ಒಳಗೆ ಹೋದಳು. ಅಂದು ಮತ್ತೆ ಹೊರಗೆ ಬರಲಿಲ್ಲ.

ಏಪ್ರಿಲಿನಲ್ಲಿ, ಬಾವಿಯ ನೀರು ತಳ ಕಂಡಿದ್ದ ದಿನಗಳಲ್ಲಿ, ಅಕ್ಕು ಹಿತ್ತಿಲಲ್ಲೇ ಬಿದ್ದಳು. ಬಲಗಡೆ ಪೂರ್ತಿ ಹೋಗಿತ್ತು. ಉಡುಪಿಯ ಆಸ್ಪತ್ರೆಗೆ ತಂದು ಹಾಕಿದರು. ಮೂರನೆಯ ದಿನ ಕಣ್ಣು ಬಿಟ್ಟಳು. ಬೇಬಿ ತುಳುವಿನಲ್ಲಿ ಕರೆದಳು. ಮಗಳ ಮುಖವನ್ನು ಪರಿಚಯವಿಲ್ಲದವರ ಹಾಗೆ ನೋಡಿದಳು. ಸೆಲೀನ್ ಎಂಬ ನರ್ಸ್ "ಅಜ್ಜೀ" ಎಂದು ಎಷ್ಟು ಮಾತಾಡಿಸಿದರೂ ಉತ್ತರವಿಲ್ಲ. ಸಂಜೆಯ ಹೊತ್ತಿಗೆ ತುಟಿ ಆಡತೊಡಗಿತು. ಬಂದದ್ದು ತುಳು ಅಲ್ಲ.

"ಹಾಗೂ ಆಗುವುದುಂಟು," ಎಂದರು ಡಾಕ್ಟರು. "ಕೆಲವರಲ್ಲಿ ಒಂದು ಭಾಷೆ ಹೋಗಿ ಒಂದು ಉಳಿಯುತ್ತದೆ. ಇವರ ಆ ಭಾಷೆ ನಿಮ್ಮಲ್ಲಿ ಯಾರಿಗೆ ಬರ್ತದೆ?"

ಬೇಬಿ ಮಗಳ ಮುಖ ನೋಡಿದಳು. ಸೌಮ್ಯ ಬ್ಯಾಗಿನಿಂದ ಫೋನ್ ತೆಗೆದಳು. ಪರೀಕ್ಷೆಗೆಂದು ಕಾರ್ಲ್ ಅದರಲ್ಲಿ ಯಂತ್ರದ ಒಂದು ಪ್ರತಿ ಹಾಕಿಕೊಟ್ಟಿದ್ದ. ಮಾತಾಡಿದರೆ ಮೇಲೆ ಆ ಭಾಷೆ, ಕೆಳಗೆ ಕನ್ನಡದಲ್ಲಿ ಅರ್ಥ. ಇಷ್ಟು ದಿನ ಮಾಡಿದ್ದೆಲ್ಲ ಈ ಹೊತ್ತಿಗೇ ಇತ್ತೋ ಏನೋ ಎಂದು ಅವಳಿಗೆ ಅನ್ನಿಸಿತು. ಫೋನನ್ನು ಅಜ್ಜಿಯ ಬಾಯಿಯ ಹತ್ತಿರ ಹಿಡಿದಳು.

ಅಕ್ಕು ಏನೋ ಹೇಳಿದಳು. ಮತ್ತೆ ಹೇಳಿದಳು. ಬಾಗಿಲ ಕಡೆ ನೋಡಿ, ಕುತ್ತಿಗೆಯ ನರ ಉಬ್ಬುವಂತೆ, ಮತ್ತೆ ಮತ್ತೆ. ಪರದೆ ಖಾಲಿಯೇ ಇತ್ತು.

ಸೌಮ್ಯ ವರಾಂಡಕ್ಕೆ ಬಂದು ಕಾರ್ಲ್‌ಗೆ ಫೋನ್ ಮಾಡಿದಳು. "ಸರ್, ಅಜ್ಜಿಯ ನಾಲಗೆ ತೊದಲುತ್ತದೆ. ಅದಕ್ಕೇ ಯಂತ್ರಕ್ಕೆ ಕೇಳುವುದಿಲ್ಲ ಅಂತ ಕಾಣ್ತದೆ."

ಫೋನಿನಲ್ಲಿದ್ದ ಯಂತ್ರ ಕೇಳಿದ್ದರ ದಾಖಲೆಯನ್ನು ಕಾರ್ಲ್ ತನ್ನ ಕಂಪ್ಯೂಟರಿನಲ್ಲಿ ತೆರೆದು ನೋಡಿದ.

"ಕೇಳ್ತಾ ಉಂಟು ಸೌಮ್ಯ. ಸರಿಯಾಗಿಯೇ ಕೇಳ್ತಾ ಉಂಟು. ಒಂದೇ ಪದ ಬರ್ತಾ ಇರುವುದು, ಆಯ್ತಾ ಅಂತ. ಅದನ್ನು ಬರೀಬೇಡ ಅಂತ ನಾವೇ ಹೇಳಿದ್ದಲ್ವಾ?"

ಒಳಗೆ ಬಂದು ಮತ್ತೆ ಫೋನ್ ಹಿಡಿದಳು. ಈ ಸಲ ಪರದೆಯ ಮೇಲೆ ಒಂದು ಪದ ಮೂಡಿತು. ಕೆಳಗೆ ಅರ್ಥ: ನೀರು. "ಬಾಯಾರಿಕೆ ಅಮ್ಮ, ಬಾಯಾರಿಕೆ!" ಎಂದು ಸೌಮ್ಯ ಕೂಗಿದಳು. ಬೇಬಿ ಓಡಿ ಹೋಗಿ ಚಮಚದಲ್ಲಿ ನೀರು ತಂದಳು. ಅಕ್ಕು ಒಳ್ಳೆಯದಿದ್ದ ಎಡಗೈಯಿಂದ ಅದನ್ನು ತಳ್ಳಿದಳು. ನೀರು ಹಾಸಿಗೆಯ ಮೇಲೆ ಚೆಲ್ಲಿತು. ಪರದೆಯ ಮೇಲೆ ಇನ್ನೊಂದು ಪದ ಬಂತು. ಬರಬೇಡ. ಸೌಮ್ಯ ಹಾಸಿಗೆಯಿಂದ ಎರಡು ಹೆಜ್ಜೆ ಹಿಂದೆ ಸರಿದಳು. ನೀರು, ಬರಬೇಡ. ನೀರು, ಬರಬೇಡ. ಅಜ್ಜಿಯ ಕಣ್ಣಿನಿಂದ ನೀರು ಇಳಿದು ಕಿವಿಯ ಹತ್ತಿರ ನಿಲ್ಲುತ್ತಿತ್ತು. ಯಾರನ್ನು ಬೇಡ ಎನ್ನುತ್ತಿದ್ದಾಳೆ? ತನ್ನನ್ನೇ? ಮಗಳನ್ನೇ? ಇಡೀ ರಾತ್ರಿ ತಾಯಿ ಮಗಳು ಮಂಚದ ಹತ್ತಿರ ಹೋಗಲಿಕ್ಕೂ ಹೆದರಿ, ಬಿಟ್ಟಿರಲಿಕ್ಕೂ ಆಗದೆ ಗೋಡೆಗೆ ಒರಗಿ ನಿಂತರು.

ಮರುದಿನ ಸೌಮ್ಯ ಕಾಪುವಿಗೆ ಹೋದಳು.

ಬೂಬ ಪುರಸಭೆಯಲ್ಲಿ ರಸ್ತೆ ಗುಡಿಸುವ ಕೆಲಸ ಮಾಡಿ ನಿವೃತ್ತನಾದವನು. ದೀಪಸ್ತಂಭದ ಕಡೆ ಹೋಗುವ ರಸ್ತೆಯಲ್ಲಿ ಮಗಳ ಮನೆ. ಅದರ ಜಗಲಿಯಲ್ಲಿ ಕುಳಿತಿದ್ದ. ಸೌಮ್ಯ ಅವನನ್ನು ನೋಡಿದ್ದು ಎರಡೇ ಸಲ, ಎರಡೂ ಸಾವಿನ ಮನೆಗಳಲ್ಲಿ. ವಿಷಯ ಕೇಳಿ ಅವನು ತಲೆ ಅಲ್ಲಾಡಿಸಿದ.

"ನನಗೆ ಆ ಮಾತೆಲ್ಲ ಮರೆತಿದೆ ಮಗಾ. ನಾನು ಬಂದರೆ ಅಕ್ಕನಿಗೆ ಇನ್ನೂ ಕಷ್ಟ."

"ಒಮ್ಮೆ ಕೇಳಿ ಅಜ್ಜ. ಎಂತ ಹೇಳ್ತಾಳೆ ಅಂತ ಹೇಳಿ ಸಾಕು," ಎಂದು ಸೌಮ್ಯ ಫೋನಿನಲ್ಲಿದ್ದ ಹಳೆಯ ರೆಕಾರ್ಡಿಂಗ್ ಒಂದನ್ನು ಹಚ್ಚಿದಳು. ಮೊದಲು ಒಳ್ಳೆಯ ಸ್ವರ ಕೇಳಲಿ, ಆಮೇಲೆ ಆಸ್ಪತ್ರೆಯದ್ದು ಎಂದು ಅವಳ ಲೆಕ್ಕ. ಅಕ್ಕು ಬಳ್ಳಿ ಸೀಳುವುದನ್ನು ವಿವರಿಸುತ್ತಿದ್ದಳು.

ಬೂಬ ಕೇಳುತ್ತಾ ಇದ್ದ. ಒಂದು ನಿಮಿಷವಾಗಿರಬಹುದು, ಅವನು ಎದ್ದ. ಜಗಲಿಯ ಕಂಬವನ್ನು ಹಿಡಿದುಕೊಂಡ.

"ಇದನ್ನು ಅವಳು ಯಾರಿಗೆ ಹೇಳ್ತಿದ್ದಾಳೆ ಗೊತ್ತುಂಟಾ ನಿನಗೆ?"

"ಯಾರಿಗೂ ಇಲ್ಲ ಅಜ್ಜ. ಮೈಕಿಗೆ. ಒಬ್ಬಳೇ ಕೂತು ಹೇಳಿದ್ದು."

"ಅಲ್ಲ. ಐತನಿಗೆ."

ಸೌಮ್ಯಳಿಗೆ ಅರ್ಥವಾಗಲಿಲ್ಲ.

"ಕೇಳುವುದಿಲ್ವಾ ನಿನಗೆ? ಮಾತುಮಾತಿಗೂ ಹೆಸರು ಹಿಡಿದು ಕರೀತಿದ್ದಾಳಲ್ಲ! ಐತಾ, ಐತಾ ಅಂತ. ಅವಳ ಹಿರೀ ಮಗ. ಐತಾರ ಹುಟ್ಟಿದವನು, ಭಾನುವಾರ, ಅದಕ್ಕೇ ಆ ಹೆಸರು."

ಬೂಬ ಹೇಳಿದ ಕಥೆ ದೊಡ್ಡದೇನೂ ಅಲ್ಲ. ಐವತ್ತು ವರ್ಷದ ಹಿಂದಿನದು. ಆಗ ಅವನು ಇಪ್ಪತ್ತು ದಾಟಿದ ಹುಡುಗ. ಅಕ್ಕನ ಮಗನೆಂದರೆ ಪ್ರಾಣ. ಹೆಗಲ ಮೇಲೆ ಕೂರಿಸಿಕೊಂಡು ಕಾಡಿಗೆ ಹೋಗುತ್ತಿದ್ದ, ಮರದ ಹೆಸರು, ಹಕ್ಕಿಯ ಹೆಸರು ಎಲ್ಲವನ್ನೂ ತಮ್ಮ ಭಾಷೆಯಲ್ಲೇ ಕಲಿಸಿದ್ದ. ನಮ್ಮ ಮಾತನ್ನು ಎಲ್ಲಿ ಬೇಕಾದರೂ ಆಡು, ನಾಚಿಕೆ ಬೇಡ ಎಂದು ಹೇಳಿಕೊಟ್ಟಿದ್ದ. ಹುಡುಗನನ್ನು ಶಾಲೆಗೆ ಸೇರಿಸಿದರು. ಅವರ ಕಡೆಯಿಂದ ಶಾಲೆಗೆ ಹೋದ ಮೊದಲ ಮಗು. ಎರಡನೆಯ ತಿಂಗಳು, ಆಷಾಢದ ಆಟಿ ಮಳೆ. ತರಗತಿಯಲ್ಲಿ ಹುಡುಗ ಎದ್ದು ನಿಂತು ಏನನ್ನೋ ಕೇಳಿದ, ಹೊರಗೆ ಹೋಗಲಿಕ್ಕೋ ನೀರು ಕುಡಿಯಲಿಕ್ಕೋ. ಕೇಳಿದ್ದು ತನ್ನ ಮಾತಿನಲ್ಲಿ. ಮಕ್ಕಳೆಲ್ಲ ನಕ್ಕರು. ಸರಿಯಾದ ಭಾಷೆಯಲ್ಲಿ ಹೇಳುವವರೆಗೆ ಹೊರಗೆ ನಿಲ್ಲು ಎಂದರು ಮೇಷ್ಟ್ರು. ಸ್ವಲ್ಪ ಹೊತ್ತು ನಿಂತ. ಆಮೇಲೆ ಒಬ್ಬನೇ ಮನೆಗೆ ಹೊರಟ. ದಾರಿಯಲ್ಲಿ ತೋಡು ತುಂಬಿ ಹರಿಯುತ್ತಿತ್ತು. ಅಕ್ಕು ಈಚೆ ದಡದಲ್ಲಿ ಸೊಪ್ಪು ಕೊಯ್ಯುತ್ತಿದ್ದಳು. ಮಗ ಆಚೆ ದಡದಲ್ಲಿ ಕಂಡ.

"ಕೂಗಿದ್ದಾಳೆ, ನೀರು ಹೆಚ್ಚಿದೆ ಐತಾ, ಬರಬೇಡ ಅಂತ. ಮಳೆಯ ಸದ್ದಿನಲ್ಲಿ ಅವನಿಗೆ ಕೇಳಲಿಲ್ಲವೋ, ಅಮ್ಮನನ್ನು ಕಂಡು ನಿಲ್ಲಲಾಗಲಿಲ್ಲವೋ... ಇಳಿದುಬಿಟ್ಟ."

ಸೌಮ್ಯ ಬಾಯಿಗೆ ಕೈ ಅಡ್ಡ ಹಿಡಿದಳು.

"ನೀನು ಕಲಿಸಿದ ಮಾತು ನನ್ನ ಮಗನನ್ನು ತಿಂದಿತು ಅಂದಳು ನನಗೆ. ಇನ್ನು ನನ್ನ ಮನೆಯ ಮಕ್ಕಳ ಬಾಯಲ್ಲಿ ಆ ಮಾತು ಬರಬಾರದು ಅಂದಳು. ನಾನು ಇತ್ತ ಬಂದೆ. ಆಮೇಲೆ ಎದುರು ಸಿಕ್ಕಿದರೂ ಮಾತಿಲ್ಲ." ಅವನು ಫೋನಿನ ಕಡೆ ಕೈ ತೋರಿಸಿದ. "ಬಿಟ್ಟಳು ಅಂತಲೇ ನಾನು ತಿಳಿದಿದ್ದೆ. ಬಿಟ್ಟಿರಲಿಲ್ಲ. ಅವನೊಬ್ಬನಿಗೆ ಇಟ್ಟುಕೊಂಡಿದ್ದಾಳೆ."

ಅದೇ ಮಧ್ಯಾಹ್ನ ಇಬ್ಬರೂ ಬಸ್ಸು ಹತ್ತಿದರು. ಆಸ್ಪತ್ರೆಯ ಮೆಟ್ಟಿಲಿನಲ್ಲಿ ಬೂಬ ನಿಂತು, "ನನ್ನನ್ನು ಕಂಡು ಅವಳಿಗೆ ಏನಾದರೂ ಆದರೆ?" ಎಂದು ಕೇಳಿದ. ಸೌಮ್ಯ ಅವನ ಕೈ ಹಿಡಿದು ಒಳಗೆ ಕರೆದೊಯ್ದಳು.

ಅಕ್ಕು ಬಾಗಿಲನ್ನೇ ನೋಡುತ್ತಿದ್ದಳು. ಬೂಬ ಮಂಚದ ಪಕ್ಕ ನೆಲದ ಮೇಲೆ ಮೊಣಕಾಲೂರಿ ಕುಳಿತ. ಅವಳಿಗೆ ಗುರುತು ಸಿಕ್ಕಿತೋ ಇಲ್ಲವೋ. ಮತ್ತೆ ಅದೇ ಮೂರು ಮಾತು ಶುರುವಾಯಿತು. ಐತಾ. ನೀರು. ಬರಬೇಡ. ಬೂಬ ಅಕ್ಕನ ಕಿವಿಯ ಹತ್ತಿರ ಬಾಗಿ ಮಾತಾಡಿದ. ಐವತ್ತು ವರ್ಷ ಆಡದ ಮಾತು. ಎರಡು ಸಲ ತಡೆಯಿತು, ಆಮೇಲೆ ಬಂತು. ಸೌಮ್ಯಳ ಫೋನ್ ಬ್ಯಾಗಿನಲ್ಲೇ ಇತ್ತು. ತೆಗೆಯುವ ಯೋಚನೆ ಬರಲಿಲ್ಲ. ಅವಳಿಗೆ ಅರ್ಥವಾಗುತ್ತಿತ್ತು.

"ನೀರು ಇಳಿಯಿತು ಅಕ್ಕ. ನಾನು ಹೋಗಿ ಎತ್ತಿಕೊಂಡು ಬಂದೆ. ದಾಟಿ ಆಯಿತು. ಮನೆಯಲ್ಲಿದ್ದಾನೆ. ತಲೆ ಒರೆಸಿದ್ದೇನೆ. ಅನ್ನ ಉಂಡು ಮಲಗಿದ್ದಾನೆ."

ಅಕ್ಕುವಿನ ತುಟಿ ನಿಂತಿತು. ಬಹಳ ಹೊತ್ತು ತಮ್ಮನ ಮುಖ ನೋಡಿದಳು. ಆಮೇಲೆ ಒಂದು ಮಾತು ಕೇಳಿದಳು. ಅದು ಸೌಮ್ಯಳಿಗೆ ಅರ್ಥವಾಗಲಿಲ್ಲ. ಬೂಬನಿಗೆ ಆಯಿತು. ಅವನು ಹೌದು ಹೌದು ಎಂದು ತಲೆಯಾಡಿಸುತ್ತಾ ಮಂಚದ ಅಂಚಿಗೆ ಹಣೆ ಇಟ್ಟು ಅತ್ತ. ಏನು ಕೇಳಿದಳೆಂದು ಅವನು ಯಾರಿಗೂ ಹೇಳಲಿಲ್ಲ.

ಮೂರು ದಿನ ಬಿಟ್ಟು ಬೆಳಿಗ್ಗೆ ಅಕ್ಕು ಹೋದಳು.

ಹದಿನೈದು ದಿನ ಕಳೆದು ಸೌಮ್ಯ ಲ್ಯಾಬಿಗೆ ಮರಳಿದಳು. ಬಂದವಳೇ ಆ ಪಟ್ಟಿಯನ್ನು ತೆರೆದು ಕಾರ್ಲ್‌ಗೆ ಎಲ್ಲವನ್ನೂ ಹೇಳಿದಳು. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ದೇವರೇ! ನಾನೇ ಅಲ್ವಾ ತೆಗೀಲಿಕ್ಕೆ ಹೇಳಿದ್ದು."

"ಬರೆದದ್ದು ನಾನು ಸರ್. ಆ ಭಾಷೆ ನನ್ನದು ಅಂತ ಹೇಳಿಕೊಂಡು ಬಂದವಳು ನಾನು."

ಒಂದೇ ಸಲಕ್ಕೆ ಎಲ್ಲವನ್ನೂ ಬದಲಾಯಿಸುವ ಹಾಗಿರಲಿಲ್ಲ. ರೆಕಾರ್ಡಿಂಗಿನ ಮೊದಲಿಗೂ ಕೊನೆಗೂ ಸೌಮ್ಯಳದೇ ಆಯ್ತಾಗಳಿದ್ದವು. ಅವು ನಿಜವಾದ ಆಯ್ತಾಗಳು. ಕಿವಿಯಿಟ್ಟು ಕೇಳಿ ಬೇರ್ಪಡಿಸಬೇಕು. ಸೌಮ್ಯ ಮೂವತ್ತು ಗಂಟೆಯನ್ನೂ ಮೊದಲಿಂದ ಕೇಳಿದಳು. ಒಂದೊಂದು ಕಡೆಯೂ ನಿಲ್ಲಿಸಿ ಆ ಹೆಸರನ್ನು ಬರೆದಳು. ಈಗ ಕೇಳಿದರೆ ಮಾತೆಲ್ಲ ಬೇರೆಯೇ ಆಗಿತ್ತು. ಬೆರಳು ಜೋಪಾನ, ಐತಾ. ಅತ್ತ ಹೋಗಬೇಡ, ಐತಾ, ಅವರು ಬೈಯುತ್ತಾರೆ. ಅವನಿಗೆ ಏಳೇ ವರ್ಷ. ಏಳು ವರ್ಷದ ಮಗನಿಗೆ ಹೇಳಿಕೊಡುವ ಹಾಗೆಯೇ ಐವತ್ತು ವರ್ಷ ಹೇಳಿಕೊಡುತ್ತಾ ಇದ್ದಳು. ಜೂನ್ ಮುಗಿಯುವವರೆಗೂ ಈ ಕೆಲಸ ನಡೆಯಿತು.

ಮುಗಿದಾಗ ಕಾರ್ಲ್ ಇನ್ನೊಂದು ವಿಷಯ ಎತ್ತಿದ. ಅವನಿಗೇ ಹೇಳಲು ಕಷ್ಟವಾಗುತ್ತಿತ್ತು. "ಈ ಮಾತುಗಳನ್ನು ಬೇರೆ ಸಂಶೋಧಕರಿಗೂ ಕೊಡಬೇಕಲ್ವಾ? ಹಾಗೆ ಕೊಡುವಾಗ ಮನೆಯವರ ಹೆಸರುಗಳನ್ನು ಅಳಿಸಬೇಕು ಅಂತ ನಿಯಮ ಉಂಟು. ಅಜ್ಜಿ ತನ್ನ ಸ್ವರಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ಐತನ ಹೆಸರಿಗೆ ಮನೆಯವರು ಯಾರಾದರೂ ಸಹಿ ಹಾಕಬೇಕು. ಇಲ್ಲದಿದ್ದರೆ..."

"ಮತ್ತೆ ತೆಗೀಬೇಕು," ಎಂದಳು ಸೌಮ್ಯ.

ಬೇಬಿ ಕಾರ್ಖಾನೆಗೆ ರಜೆ ಹಾಕಿ ಮಣಿಪಾಲಕ್ಕೆ ಬಂದಳು. ತನಗಿಂತ ಮೊದಲು ಒಂದು ಮಗು ಇತ್ತು, ಬದುಕಲಿಲ್ಲ ಎಂಬುದಷ್ಟೇ ಅವಳಿಗೆ ತಿಳಿದಿತ್ತು; ಹೆಸರು ಕೇಳಿದ್ದು ಆಸ್ಪತ್ರೆಯಲ್ಲಿ. ಸೌಮ್ಯ ಅವಳ ಕಿವಿಗೆ ಹೆಡ್‌ಫೋನ್ ಹಾಕಿದಳು. ಗೇರುಬೀಜದ ಎಣ್ಣೆಗೆ ಕಪ್ಪಾದ ಬೆರಳುಗಳಿಂದ ಬೇಬಿ ಅದನ್ನು ಎರಡೂ ಕಡೆ ಒತ್ತಿ ಹಿಡಿದಳು. ಒಂದು ಅಕ್ಷರವೂ ಅರ್ಥವಾಗದಿದ್ದರೂ ಹತ್ತು ನಿಮಿಷ ಅಲುಗಾಡದೆ ಕೇಳಿದಳು.

"ಎಷ್ಟು ಚಂದ ಮಾತಾಡ್ತಾಳೆ," ಎಂದಳು ಕೊನೆಗೆ. "ನನ್ನ ಹತ್ತಿರ ಹೀಗೆ ಮಾತಾಡಿದ್ದೇ ಇಲ್ಲ. ಎದ್ದೆಯಾ, ಉಂಡೆಯಾ, ಅಷ್ಟೆ." ಆಮೇಲೆ, "ನನ್ನ ಹೆಸರು ಎಲ್ಲಿಯಾದರೂ ಉಂಟಾ ಅದರಲ್ಲಿ?" ಎಂದು ಕೇಳಿದಳು.

ಸೌಮ್ಯ ಬೇಬಿ ಎಂದು ಹುಡುಕಿದಳು. ಒಂದೂ ಇರಲಿಲ್ಲ.

"ಇರ್ಲಿ ಬಿಡು," ಎಂದು ಬೇಬಿ ಹೆಡ್‌ಫೋನ್ ತೆಗೆಯಹೋದಳು.

"ತಡಿ ಅಮ್ಮ." ಐತನ ಹತ್ತಿರ ಮಾತಾಡುವಾಗ ಅಜ್ಜಿ ಬೇಬಿ ಎಂದು ಯಾಕೆ ಹೇಳುತ್ತಾಳೆ? ನಿನ್ನ ತಂಗಿ ಎನ್ನುತ್ತಾಳೆ. ಸೌಮ್ಯ ಆ ಪದವನ್ನು ಬರೆದು ಹುಡುಕಿದಳು. ಹನ್ನೊಂದು ಕಡೆ ಸಿಕ್ಕಿತು. ಒಂದೊಂದನ್ನೇ ಕೇಳಿಸಿ ಅರ್ಥ ಹೇಳುತ್ತಾ ಹೋದಳು. ನಿನ್ನ ತಂಗಿಗೆ ಇವತ್ತು ಕೈ ಸುಟ್ಟಿದೆ. ನಿನ್ನ ತಂಗಿ ಬರುವ ಹೊತ್ತಾಯಿತು, ಸಾಕು ಇನ್ನು. ನಿನ್ನ ತಂಗಿ ಮಗಳನ್ನು ಕಾಲೇಜಿಗೆ ಕಳಿಸುತ್ತಾಳಂತೆ. ಒಂಬತ್ತನೆಯದನ್ನು ಓದಿ ಸೌಮ್ಯ ಪರದೆಯಿಂದ ತಿರುಗಿ ಅಮ್ಮನ ಮುಖ ನೋಡಿದಳು.

"ಎಂತ ಹೇಳಿದಳು?"

"ನಿನ್ನ ತಂಗಿಗೆ ನಾನು ಈ ಮಾತು ಕೊಡಲಿಲ್ಲ ಐತಾ. ಅವಳು ದಿನಾ ಶಾಲೆಯಿಂದ ಮನೆಗೆ ಬಂದಳು."

ಬೇಬಿ ಅದನ್ನು ಮತ್ತೊಮ್ಮೆ ಹಾಕಲು ಹೇಳಿದಳು. ಮತ್ತೂ ಒಮ್ಮೆ. ಆಮೇಲೆ ಹೆಡ್‌ಫೋನ್ ತೆಗೆದು, ವಯರನ್ನು ಸುತ್ತಿ ಸುತ್ತಿ ಮೇಜಿನ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡಳು. ಕಾರ್ಲ್ ಕಾಗದವನ್ನು ಮುಂದಿಟ್ಟ. ಎಲ್ಲಿ ಎಂದು ಕೇಳಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು.

"ಅವನ ಹೆಸರು ಅಲ್ಲಿಯೇ ಇರಲಿ ಸರ್," ಎಂದಳು.

ಹೊರಗೆ ಬಂದು ಮೆಟ್ಟಿಲಿನ ಹತ್ತಿರ ಚಪ್ಪಲಿ ಹಾಕುವಾಗ ಬೇಬಿ ಕೇಳಿದಳು, "ಅಣ್ಣ ಅನ್ನಲಿಕ್ಕೆ ಆ ಭಾಷೆಯಲ್ಲಿ ಎಂತ ಹೇಳುವುದು?"

ಸೌಮ್ಯ ಯೋಚಿಸಿದಳು. ಮೂವತ್ತು ಗಂಟೆಯಲ್ಲಿ ಆ ಪದ ಬಂದಿರಲಿಲ್ಲ. ಅಜ್ಜಿಗೆ ಅಣ್ಣಂದಿರಿರಲಿಲ್ಲ.

"ಗೊತ್ತಿಲ್ಲ ಅಮ್ಮ. ಬೂಬಜ್ಜನನ್ನು ಕೇಳಬೇಕು."

"ಹಾಗಾದರೆ ಈಗಲೇ ಕೇಳು."

ಸೌಮ್ಯ ಕಾಪುವಿಗೆ ಫೋನ್ ಮಾಡಿದಳು. ಬೂಬನ ಮಗಳು ತೆಗೆದಳು. ಅಪ್ಪ ಸಮುದ್ರದ ಕಡೆ ಹೋಗಿದ್ದಾರೆ, ಈಚೆಗೆ ದಿನಾ ಅಲ್ಲಿ ಹೋಗಿ ಕೂರುತ್ತಾರೆ, ಯಾವಾಗ ಬರುತ್ತಾರೆ ಎಂದು ಹೇಳಲಿಕ್ಕಾಗುವುದಿಲ್ಲ ಎಂದಳು.

"ಬರ್ಲಿ. ಕಾಯುವ," ಎಂದು ಬೇಬಿ ಚಪ್ಪಲಿ ಬಿಟ್ಟು ಮೆಟ್ಟಿಲಿನ ಮೇಲೆ ಕುಳಿತಳು. ಸೌಮ್ಯಳೂ ಪಕ್ಕದಲ್ಲಿ ಕುಳಿತಳು.